ಸಿಂಹ ನೋಡಿದ್ರಾ ಅಂತ ಕೇಳಿದವರಿಗೆ

ಕೀನ್ಯಾದಿಂದ ಬಂದ ಮೇಲೆ ಊರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಸಿಂಹ ನೋಡಿದ್ರಾ?" ನೋಡಿದೆವು. ಆದರೆ ನಮ್ಮ ಮೂವರಿಗೂ ಇವತ್ತಿಗೂ ಕಣ್ಣ ಮುಂದೆ ಬರುವುದು ಸಿಂಹವಲ್ಲ, ಬೇಟೆ ತಪ್ಪಿ ಕೂತಿದ್ದ ಒಂದು ಚೀತಾ. ಅದನ್ನು ಆಮೇಲೆ ಹೇಳುತ್ತೇವೆ. ಮೊದಲು, ದುಡ್ಡು ಕೂಡಿಟ್ಟು ಮೊದಲ ಸಲ ಹೊರಡುವವರಿಗೆ ನಾಲ್ಕು ಮಾತು.

ಮೊದಲು ಚುಚ್ಚುಮದ್ದು. ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡನ್ನು ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಬೇರೆ ಇಡಬಹುದು. ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ನಮ್ಮಲ್ಲಿ ಒಬ್ಬರು ತಾಲೂಕು ಆಸ್ಪತ್ರೆಗೆ ಹೋಗಿ ಬರಿಗೈಲಿ ಬಂದರು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ವಿಚಾರಿಸಿಕೊಂಡೇ ಹೋಗಿ. ಮಲೇರಿಯಾ ಮಾತ್ರೆಯನ್ನೂ ಡಾಕ್ಟರ್ ಹತ್ತಿರ ಕೇಳಿ.

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬಂದಿದೆ. ಸರ್ಕಾರದ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ. ಅದೇ ಹೆಸರಿನಂತೆ ಕಾಣುವ ದಲ್ಲಾಳಿ ಸೈಟುಗಳು ಹೆಚ್ಚು ದುಡ್ಡು ಕೀಳುತ್ತವೆ.

ಬ್ಯಾಗಿನ ವಿಚಾರ. ಅಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2017ರಿಂದ ನಿಷೇಧ ಇದೆ. ಚಕ್ಕುಲಿ, ಚಟ್ನಿಪುಡಿ ಕವರಿನಲ್ಲಿ ಕಟ್ಟಬೇಡಿ, ಡಬ್ಬಿಗೆ ಹಾಕಿ. ಕಾಡಿನೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ ಇಲ್ಲ, ಸ್ಟೀಲ್ ಬಾಟಲಿ ಒಯ್ಯಿರಿ. ಆಫ್ರಿಕಾ ಅಂದರೆ ಬಿಸಿಲು ಅಂದುಕೊಂಡು ನಾವು ಸ್ವೆಟರ್ ಒಯ್ಯಲಿಲ್ಲ. ಮಸಾಯಿ ಮಾರಾ ಸಮುದ್ರ ಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಬೆಳಗಿನ ಜಾವ ಆರಕ್ಕೆ, ಚಾವಣಿ ತೆರೆದ ಗಾಡಿಯಲ್ಲಿ, ಹಲ್ಲು ಕಟಕಟ ಅಂದವು. ಮಿಲಿಟರಿ ಬಣ್ಣದ ಬಟ್ಟೆ ಬೇಡ, ಅಲ್ಲಿ ಸಾಮಾನ್ಯರು ಹಾಕುವಂತಿಲ್ಲ. ಕಡುನೀಲಿ ಮತ್ತು ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆ.

ಊಟಕ್ಕೆ ಹೆದರಬೇಡಿ. ಅಲ್ಲಿಯೂ ಚಪಾತಿಗೆ ಚಪಾತಿ, ಚಹಾಕ್ಕೆ ಚಾಯ್ ಅಂತಲೇ ಅನ್ನುತ್ತಾರೆ. ಸಿಂಹಕ್ಕೆ ಸ್ವಾಹಿಲಿಯಲ್ಲಿ ಸಿಂಬಾ. ನಮಗೆ ಬೇಗ ಬಾಯಿಗೆ ಬಂದ ಇನ್ನೊಂದು ಮಾತು 'ಪೋಲೆ ಪೋಲೆ', ಅಂದರೆ ನಿಧಾನ, ನಿಧಾನ. ಚಾಲಕ ಅಣ್ಣ ದಿನಕ್ಕೆ ಹತ್ತು ಸಲ ನಮಗೆ ಅದನ್ನೇ ಹೇಳುತ್ತಿದ್ದರು.

ಈಗ ಆ ಚೀತಾ. ಮೂರನೇ ದಿನ ಬೆಳಿಗ್ಗೆ ಹುಲ್ಲಿನಲ್ಲಿ ತಾಯಿ, ಹಿಂದೆ ಎರಡು ಮರಿ. ಮುಂದೆ ಜಿಂಕೆಯಂಥ ಗೆಜೆಲ್ ಹಿಂಡು. ತಾಯಿ ಹೊಟ್ಟೆ ನೆಲಕ್ಕೆ ತಾಗಿಸಿ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಒಂದು ಪ್ರಾಣಿಯ ಸುತ್ತ ಐದು ಗಾಡಿಗಿಂತ ಹೆಚ್ಚು ನಿಲ್ಲಬಾರದು, 25 ಮೀಟರ್ ದೂರ ಇರಬೇಕು ಎಂಬುದು ಅಲ್ಲಿನ ನಿಯಮ. ದಾರಿ ಬಿಟ್ಟು ಇಳಿದರೆ ದಂಡ ಚಾಲಕನಿಗೆ. ಇದೆಲ್ಲ ಅವರು ಮೊದಲ ದಿನವೇ ಹೇಳಿದ್ದರು. ಆದರೂ ಫೋನಿನಲ್ಲಿ ಫೋಟೋ ಚಿಕ್ಕದಾಗಿ ಬರುತ್ತಿದೆ ಅಂತ ನಾವು, "ಸ್ವಲ್ಪ ಹತ್ತಿರ, ಕೊನೆಗೆ ಚೆನ್ನಾಗಿ ಟಿಪ್ಸ್ ಕೊಡ್ತೀವಿ" ಅಂದೆವು. ಅವರು ಸುಮ್ಮನೆ ಗಾಡಿ ಮುಂದೆ ಬಿಟ್ಟರು. ನಮ್ಮನ್ನು ನೋಡಿ ಇನ್ನೂ ಆರು ಗಾಡಿ ಬಂದವು. ಗೆಜೆಲ್‌ಗಳು ತಲೆಯೆತ್ತಿ ಓಡಿದವು. ತಾಯಿ ಕೂತುಬಿಟ್ಟಿತು. ಮರಿಗಳು ಬಂದು ಅದರ ಬಾಯಿ ಮೂಸಿದವು.

"ಇನ್ನು ಬಿಸಿಲೇರುತ್ತದೆ, ಸಂಜೆವರೆಗೂ ಇದು ಬೇಟೆ ಆಡುವುದು ಕಷ್ಟ" ಅಂದರು ಚಾಲಕ ಅಣ್ಣ. ಬೈಯಲಿಲ್ಲ. ಪ್ರವಾಸಿಗರು ಹೆಚ್ಚಿರುವ ಕಡೆ ಚೀತಾ ಮರಿಗಳು ಉಳಿದು ದೊಡ್ಡವಾಗುವುದು ಕಡಿಮೆ ಎಂದು ಮಾರಾದಲ್ಲೇ ನಡೆದ ಅಧ್ಯಯನವೊಂದು 2018ರಲ್ಲಿ ಹೇಳಿದ್ದನ್ನು ನಾವು ಓದಿದ್ದು ಊರಿಗೆ ಬಂದ ಮೇಲೆ.

ನಮ್ಮಲ್ಲೊಬ್ಬರ ಊರು ಬಂಡೀಪುರದ ಅಂಚಿನಲ್ಲಿದೆ. ಹೊಲಕ್ಕೆ ಆನೆ ಬಂದಾಗ ಫೋನ್ ಹಿಡಿದು ಸುತ್ತುಗಟ್ಟುವ ಜನರ ಬಗ್ಗೆ ನಾವೇ ಸಿಟ್ಟಿನಿಂದ ಬರೆದಿದ್ದೆವು. ಅಲ್ಲಿ ಆ ಗುಂಪು ನಾವೇ ಆಗಿದ್ದೆವು.

ಅದಕ್ಕೇ ಹೋಗುವವರಿಗೆ ಹೇಳುತ್ತೇವೆ: ಮೊದಲ ದಿನ ಗಾಡಿ ಹತ್ತುವಾಗಲೇ ಚಾಲಕರಿಗೆ, "ಹತ್ತಿರ ಹೋಗದಿದ್ದರೂ ನಮಗೆ ಬೇಜಾರಿಲ್ಲ, ಟಿಪ್ಸ್ ಕಡಿಮೆ ಮಾಡಲ್ಲ" ಅಂತ ಹೇಳಿಬಿಡಿ. ದುರ್ಬೀನು ಒಂದು ಒಯ್ಯಿರಿ. ಸಾಲ ತಂದಾದರೂ ಪರವಾಗಿಲ್ಲ.