ನೆಲ ಕಲಿಸುವ ನಡಿಗೆ

ಯಾದಗಿರಿಯಲ್ಲಿ ರೈಲಿಳಿದು ಊರೊಳಗೆ ಬಂದರೆ ತಲೆಯೆತ್ತಿದಲ್ಲೆಲ್ಲ ಬಂಡೆಯ ಬೆಟ್ಟ, ಅದರ ನೆತ್ತಿಯ ಮೇಲೆ ಕೋಟೆ. ಶಿವರಾತ್ರಿ ಇನ್ನೂ ಬಂದಿಲ್ಲ, ಬಿಸಿಲು ಮಾತ್ರ ಆಗಲೇ ಬಂದು ಕೂತಿದೆ. ನಮ್ಮ ತೀರ್ಥಹಳ್ಳಿ ಕಡೆ ದಾರಿಯ ಮೇಲೇ ನೆರಳಿರುತ್ತದೆ. ಇಲ್ಲಿ ನೆರಳು ಇರುವ ಕಡೆ ದಾರಿ ಮಾಡಿಕೊಳ್ಳಬೇಕು. ಆನಿಮೇಷನ್ ಚಿತ್ರಗಳ ಪಾತ್ರಗಳಿಗೆ ನಡಿಗೆ ಕೊಡುವುದು ನನ್ನ ಕಸುಬು. ಸೆಕೆಂಡಿಗೆ 24 ಫ್ರೇಮ್, ಸಾಧಾರಣ ನಡಿಗೆಯ ಒಂದು ಹೆಜ್ಜೆಗೆ 12 ಎಂಬ ಲೆಕ್ಕ ಕೈಗೆ ಅಂಟಿಬಿಟ್ಟಿದೆ. ಈ ಬೀದಿಯಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ತಲೆಗೆ ಟವೆಲ್ ಸುತ್ತಿದ ಹಿರಿಯರೊಬ್ಬರು ಗೋಡೆಯ ನೆರಳಲ್ಲಿ ನಿಧಾನ ಬರುತ್ತಾರೆ. ನೆರಳು ಮುಗಿದಲ್ಲಿ ನಾಲ್ಕು ಹೆಜ್ಜೆ ಬಿರುಸು, ಮುಂದಿನ ಬೇವಿನ ಮರದಡಿ ಮತ್ತೆ ಸಡಿಲ. ಆ ನಡಿಗೆಗೆ ತಾಳ ಹಾಕುತ್ತಿರುವುದು ಸೂರ್ಯ!

ಕೋಟೆ ಹತ್ತುತ್ತೇನೆ. ಮೆಟ್ಟಿಲು ಕಡಿದಾದಂತೆ ಎಲ್ಲರ ಎದೆ ಮುಂದಕ್ಕೆ ಬಾಗುತ್ತದೆ, ಅಂಗೈ ಮೊಣಕಾಲಿಗೆ ಊರುತ್ತದೆ. “ಅವಸರ ಮಾಡಬ್ಯಾಡ್ರಿ, ಬೆಟ್ಟ ಎಲ್ಲಿಗೂ ಹೋಗಂಗಿಲ್ಲ” ಎಂದು ಇಳಿದು ಬರುತ್ತಿದ್ದ ಅಜ್ಜ ಧೈರ್ಯ ಹೇಳುತ್ತಾರೆ. ಮೇಲೆ ಗಾಳಿ, ದೂರದಲ್ಲಿ ಭೀಮೆಯ ಹೊಳಪು. ನಿಂತ ಹೆಣ್ಣುಮಗಳೊಬ್ಬಳ ಸೆರಗು ಮಾತ್ರ ಹಾರುತ್ತಿದೆ, ಅದನ್ನು ಹಿಡಿಯಲು ಕೈ ಏಳುತ್ತದೆ. ದೇಹ ನಿಂತ ಮೇಲೂ ಬಟ್ಟೆ ನಿಲ್ಲುವುದಿಲ್ಲ ಎಂಬುದು ಡಿಸ್ನಿಯ ಫ್ರ್ಯಾಂಕ್ ಥಾಮಸ್, ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಹನ್ನೆರಡು ಸೂತ್ರಗಳಲ್ಲೊಂದು. ಇಲ್ಲಿ ಗಾಳಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ: ಮೊದಲು ಬಟ್ಟೆ ಆಡಿತು, ಆಮೇಲೆ ದೇಹ.

ಶಹಾಪುರದ ಬಸ್ಸಿನಲ್ಲಿ ಕಿಟಕಿಯ ಸರಳು ಮುಟ್ಟುವಂತಿಲ್ಲ, ಧೂಳಿಗೆ ಹೆದರಿ ಗಾಜು ಮುಚ್ಚುವಂತೆಯೂ ಇಲ್ಲ. ಈ ಫಜೀತಿಯ ನಡುವೆ ಪಕ್ಕದವರು ಬೆರಳು ತೋರಿಸುತ್ತಾರೆ: “ನೋಡ್ರಿ, ಬುದ್ಧ ಮಲಗ್ಯಾನ.” ಸಾಲುಬೆಟ್ಟಗಳು ಸೇರಿ ಹಣೆ, ಮೂಗು, ಗಲ್ಲ, ಎದೆ! ಮಲೆನಾಡಿನ ಬೆಟ್ಟಗಳಿಗೆ ಕಾಡು ಹೊದಿಕೆ, ಮೈಕಟ್ಟು ಕಾಣುವುದಿಲ್ಲ. ಇಲ್ಲಿನ ಬೋಳು ಬಂಡೆಗೆ ರೇಖೆಯೇ ಬದುಕು. ಇಳಿದು ನೋಡುತ್ತ ನಿಲ್ಲುತ್ತೇನೆ. ಮೋಡವೊಂದರ ನೆರಳು ಎದೆಯ ಮೇಲೆ ಹಾದಾಗ ಬುದ್ಧ ಉಸಿರಾಡಿದ ಹಾಗಾಗುತ್ತದೆ. ಪಾತ್ರದ ಒಂದು ಗೆರೆಯೂ ಕದಲಿಲ್ಲ, ಬೆಳಕೇ ಅದಕ್ಕೆ ಜೀವ ತುಂಬಿತು.

ಸುರಪುರದ ದಾರಿಯಲ್ಲಿ ಒಂದು ಕಡೆ ಎರೆಹೊಲ, ಇನ್ನೊಂದು ಕಡೆ ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಕುಡಿದ ಭತ್ತದ ಗದ್ದೆ. ಎರೆ ಒಣಗಿ ಬಾಯಿಬಿಟ್ಟಿದೆ. ಅಲ್ಲಿ ನಡೆದು ಬರುವ ಅಕ್ಕನ ಕಣ್ಣು ನೆಲದ ಮೇಲೆ, ಹೆಜ್ಜೆ ಬಿರುಕು ತಪ್ಪಿಸಿ ಅಡ್ಡಾದಿಡ್ಡಿ. ಅದೇ ಅಕ್ಕ ರಸ್ತೆ ದಾಟಿ ನಾಟಿಗಿಳಿದರೆ ಬೇರೆಯೇ ಹೆಣ್ಣುಮಗಳು: ಮೊದಲು ಸೊಂಟ ಏಳುತ್ತದೆ, ಮಂಡಿ ಹಿಂಬಾಲಿಸುತ್ತದೆ, ಕೆಸರು ಒಲ್ಲದ ಮನಸ್ಸಿನಿಂದ ಪಾದವನ್ನು ಕೊನೆಗೆ ಬಿಡುತ್ತದೆ. ಗದ್ದೆಯಂಚಿಗೆ ಹೋದ ನನ್ನ ಚಪ್ಪಲಿಯನ್ನಂತೂ ಅದು ಬಿಡಲು ಒಪ್ಪಲೇ ಇಲ್ಲ. “ಬರಿಗಾಲಲ್ಲಿ ಬರ್ರಿ” ಎಂದು ಅಕ್ಕಂದಿರು ನಗುತ್ತಾರೆ. ಬರಿಗಾಲಿಟ್ಟಾಗ ಬೆರಳುಗಳು ತಾವಾಗಿಯೇ ಅಗಲಿಸಿಕೊಂಡವು.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಇಲ್ಲಿನ ಬಾಲದೊರೆ ವೆಂಕಟಪ್ಪ ನಾಯಕನಿಗೆ ಅಪ್ಪನಂತಾದ ಮನೆಯಿದು. ಬಯಲ ಬಿಸಿಲಿನಿಂದ ಒಳಗೆ ಕಾಲಿಟ್ಟವರ ಬಿಗಿದ ಹೆಗಲು ಇಳಿಯುತ್ತದೆ, ದನಿ ತಗ್ಗುತ್ತದೆ. ಸಂಜೆ ಕಲಾವಿದರೊಬ್ಬರ ಮನೆಯಲ್ಲಿ “ಕುಂದ್ರಿ, ಮೊದಲ ನೀರು ಕುಡೀರಿ” ಎಂಬ ಉಪಚಾರ. ಆಮೇಲೆ ಚಿನ್ನದ ಕುಸುರಿಯ ಸುರಪುರ ಶೈಲಿಯ ಚಿತ್ರಗಳು. ನಾಯಕರ ಆಸ್ಥಾನದಲ್ಲಿ ಬೆಳೆದ ಕಲೆ ಇದು. ಕೂದಲೆಳೆಯ ಗೆರೆ ಎಳೆಯುವಾಗ ಅವರು ಉಸಿರು ಹಿಡಿಯುತ್ತಾರೆ, ನೋಡುತ್ತ ಕುಳಿತ ನಾವೂ ಅಲುಗಾಡುವುದಿಲ್ಲ. ಕೋಣೆಯ ಮೌನವೂ ಮೈಗಳನ್ನು ನಿಲ್ಲಿಸಬಲ್ಲದು!

ಇನ್ನು ಮೇಲೆ ಖಾಲಿ ಬಿಳಿ ಹಾಳೆಯ ಮೇಲೆ ಯಾರನ್ನೂ ನಡೆಸಲಾರೆ. ಮೊದಲು ನೆಲ ಬರೆಯಬೇಕು, ಬಿಸಿಲೋ ಕೆಸರೋ ಗಾಳಿಯೋ ಗೊತ್ತಾಗಬೇಕು. ಅರ್ಧ ನಡಿಗೆ ಅಲ್ಲೇ ಇರುತ್ತದೆ. ನಾಳೆ ಕೃಷ್ಣಾ ನದಿಯ ದಂಡೆಯ ತಿಂಥಣಿಗೆ, ಮೌನೇಶ್ವರನ ಸನ್ನಿಧಿಗೆ. ಮೊಣಕಾಲುದ್ದ ನೀರಿನಲ್ಲಿ ಒಂದು ಹೆಜ್ಜೆಗೆ ಎಷ್ಟು ಫ್ರೇಮ್ ಬೇಕೆಂದು ಕೃಷ್ಣೆಯನ್ನೇ ಕೇಳಬೇಕಾಗಿದೆ.