ಕೂಳೆ ಬಾರದ ಮರ

ಮಂಡ್ಯದ ಸೀಮೆಯ ಬೇಸಾಯದಲ್ಲಿ ಅರ್ಧಪಾಲು, ಕಡಿದುದು ಮರಳಿ ಚಿಗುರುವುದೆಂಬ ನಂಬಿಕೆಯ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಕಬ್ಬನ್ನು ನೆಲಮಟ್ಟಕ್ಕೆ ಕಡಿದು ಆಲೆಮನೆಗೋ ಕಾರ್ಖಾನೆಗೋ ಸಾಗಿಸಿದರೆ, ಉಳಿದ ಬುಡದಿಂದಲೇ ಕೂಳೆ ಬೆಳೆ ಮೇಲೇಳುತ್ತದೆ. ಮದ್ದೂರು, ಮಳವಳ್ಳಿಯ ಕಡೆ ಹಿಪ್ಪುನೇರಳೆಯನ್ನು ಬುಡದವರೆಗೆ ಸವರಿದರೂ ಕೆಲವು ವಾರಗಳಲ್ಲೇ ಹುಳುವಿಗೆ ಸಾಲುವಷ್ಟು ಸೊಪ್ಪು ಸಿದ್ಧ. ಇಂಥ ನೆಲದಲ್ಲಿ ಪಳಗಿದ ಕೈಗೆ ಪೈನ್ ಮರ ಕಲಿಸುವ ಪಾಠ ಬೇರೆಯದೇ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾಲ್ವತ್ತು ವರ್ಷ ಹಿಪ್ಪುನೇರಳೆ ಬೆಳೆದ ಹಿರಿಯರೊಬ್ಬರು, ತೋಟ ಮಾರಿ ಮಂಡ್ಯದಲ್ಲಿರುವ ಮಗನ ಮನೆ ಸೇರಿದರು. ಕೈಗೆ ಕೆಲಸವಿಲ್ಲದೆ ಕೊರಗುತ್ತಿದ್ದ ತಾತನಿಗೆಂದು ಕಾಲೇಜಿನಲ್ಲಿ ಓದುವ ಮೊಮ್ಮಗಳು ಉದಕಮಂಡಲದಿಂದ ಪೈನ್ ಸಸಿಯೊಂದನ್ನು ತಂದಳು. ಅದನ್ನು ಬೋನ್ಸಾಯ್ ಮಾಡಬೇಕೆಂಬುದು ಅವಳ ಆಸೆ. ಜಪಾನೀ ಭಾಷೆಯ ಆ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದೆಂದಷ್ಟೇ ಅರ್ಥ. ಹಿರಿಯರು ಹುರುಪಿನಿಂದ ಕತ್ತರಿ ಹಿಡಿದರು. ಪ್ರತಿಯೊಂದು ಕೊಂಬೆಯನ್ನೂ ಮೋಟಾಗಿಸಿದರು. ತಿಂಗಳು ಕಳೆಯಿತು.

“ಇದ್ಯಾಕವ್ವ, ಇನ್ನೂ ಚಿಗುರ್ಲಿಲ್ಲ?”

“ಅಲ್ಲ ತಾತ, ಒಂದೆಲೇನೂ ಬಿಡ್ದಂಗೆ ಸವರ್ಬುಟ್ಟಿದ್ದೀಯಲ್ಲ!”

ಸಸಿ ಒಣಗಿತು. ನಾಲ್ವತ್ತು ವರ್ಷ ಸೋಲರಿಯದ ಕೈ ಅದು. ಹಿರಿಯರು ಎರಡು ದಿನ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ.

ಪೈನ್ ಜಾತಿಯ ಸ್ವಭಾವವೇ ಹಾಗೆ. ಸೂಜಿಯಂಥ ಹಸಿರೆಲೆ ಉಳಿದಿರುವ ಭಾಗದಲ್ಲಿ ಮಾತ್ರ ಅದು ಹೊಸ ಮೊಗ್ಗು ಒಡೆಯಬಲ್ಲುದು. ಎಲೆ ಉದುರಿ ಬರಿದಾದ ಹಳೆಯ ಕೊಂಬೆಗೆ ಚಿಗುರುವ ಶಕ್ತಿ ಬಹುಮಟ್ಟಿಗೆ ಇಲ್ಲ. ಆದಕಾರಣ ಹೊಸಬರು ಮೊದಲು ತಿಳಿಯತಕ್ಕ ವಿಷಯವಿದು: ಎಷ್ಟು ಕತ್ತರಿಸಿದರೂ ಕತ್ತರಿಯ ಹಿಂದೆ ಹಸಿರು ಉಳಿದಿರಬೇಕು. ಮರದ ಬಲವೆಲ್ಲ ನೆತ್ತಿಗೆ ಏರುವುದರಿಂದ ಮೇಲ್ಭಾಗವನ್ನು ಹೆಚ್ಚಾಗಿಯೂ ಕೆಳಗಿನ ಕೊಂಬೆಗಳನ್ನು ಅಲ್ಪವಾಗಿಯೂ ಸವರುವುದು ಕ್ರಮ. ವಸಂತದಲ್ಲಿ ಮೇಣದ ಬತ್ತಿಯಂತೆ ನೆಟ್ಟಗೆ ನಿಲ್ಲುವ ಕುಡಿಗಳನ್ನು ಬೆರಳಿನಿಂದ ಚಿವುಟಿ ಗಿಡ್ಡ ಮಾಡಬಹುದು. ಜಪಾನಿನ ಕರಿ ಪೈನ್ ಪುಷ್ಟವಾಗಿದ್ದರೆ ಬೇಸಗೆಯ ಮೊದಲಲ್ಲಿ ಕುಡಿಯನ್ನು ಪೂರ್ತಿಯಾಗಿ ತೆಗೆದರೂ, ಚಿಕ್ಕ ಎಲೆಗಳ ಎರಡನೆಯ ಚಿಗುರು ಬರುತ್ತದೆ. ಬಿಳಿ ಪೈನಿಗೆ ಈ ಉಪಾಯ ಸಲ್ಲದು.

ಕೊಂಬೆಯನ್ನು ಬಾಗಿಸಲು ಅದರ ಮೂರನೆಯ ಒಂದು ಪಾಲು ದಪ್ಪವುಳ್ಳ ತಾಮ್ರದ ಇಲ್ಲವೆ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ ಸುತ್ತುತ್ತಾರೆ. ತೊಗಟೆಗೆ ಕಚ್ಚುವ ಮುನ್ನ ಬಿಚ್ಚುತ್ತಾರೆ. ಬೇರಿನಲ್ಲಿ ಕಾಣುವ ಬಿಳಿಯ ಬೂಷ್ಟು ರೋಗವಲ್ಲ. ಅದು ಬೇರಿಗೆ ನೀರು, ಸಾರ ಒದಗಿಸುವ ನೆಂಟ. ಮಣ್ಣು ಬದಲಿಸುವಾಗ ಅದನ್ನೆಲ್ಲ ತೊಳೆದುಬಿಡಬಾರದು. ಮಣ್ಣು ಬದಲಿಸಿದ ಋತುವಿನಲ್ಲಿ ಕೊಂಬೆಗೆ ಕತ್ತರಿ ಹಾಕುವುದೂ ಬೇಡ. ಗದ್ದೆಯ ಜೇಡಿಗಿಂತ ದಪ್ಪ ಮರಳು, ಇಟ್ಟಿಗೆಯ ಚೂರು ಲೇಸು. ನಿಂತ ನೀರು ಪೈನಿಗೆ ಆಗದು.

ಇಷ್ಟೆಲ್ಲ ಮಾಡಿದರೂ ಮಂಡ್ಯದ ಬಯಲು ಬಿಸಿಲಿನಲ್ಲಿ ತಂಪುನಾಡಿನ ಪೈನ್ ಸುಖವಾಗಿರಲಾರದು. ಅದರ ರೂಪವನ್ನು ಬಯಸುವವರಿಗೆ ಸರ್ವೆ ಮರವುಂಟು. ಅದರಲ್ಲಿ ಸೂಜಿಯೆಲೆಗಳಂತೆ ಕಾಣುವುವು ನಿಜವಾಗಿ ಎಳೆಯ ರೆಂಬೆಗಳು; ನಿಜವಾದ ಎಲೆಗಳು ಅವುಗಳ ಗಿಣ್ಣುಗಳಲ್ಲಿ ಅಡಗಿರುವ ಸಣ್ಣ ಹುರುಪೆಗಳು. ಬಿಸಿಲನ್ನು ತಾಳುತ್ತದೆ, ಎಳೆಯ ಕೊಂಬೆಯನ್ನು ಚಿವುಟಿದರೆ ಉದಾರವಾಗಿ ಚಿಗುರುತ್ತದೆ. ಮೊಮ್ಮಗಳು ಎರಡನೆಯ ಬಾರಿ ತಂದುದು ಸರ್ವೆ ಸಸಿಯನ್ನೇ. ಹಿರಿಯರು ಒಂದು ವರ್ಷ ಅದಕ್ಕೆ ಕತ್ತರಿ ತಾಕಿಸಲಿಲ್ಲ. ನೀರು ಹಾಕಿದರು, ಕುಂಡ ತಿರುಗಿಸಿದರು, ನೋಡಿದರು.

ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ 1625ರಿಂದ ಕುಂಡದಲ್ಲಿ ಪಳಗಿದ ಬಿಳಿ ಪೈನ್ ಒಂದಿದೆ. ಜಪಾನಿನ ಯಮಾಕಿ ಮನೆತನದವರು ಅದನ್ನು ತಲೆಮಾರುಗಳಿಂದ ಕಾಪಾಡಿದ್ದರು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಅದು ಅಲ್ಲಿಂದ ಸುಮಾರು 3 ಕಿಲೋಮೀಟರು ದೂರದ ಮನೆಯಂಗಳದಲ್ಲಿ ಗೋಡೆಯ ಮರೆಯಲ್ಲಿ ನಿಂತು ಉಳಿಯಿತು. 1976ರಲ್ಲಿ ಆ ಮನೆಯವರು, ಬಾಂಬು ಹಾಕಿದ ದೇಶಕ್ಕೇ ಅದನ್ನು ಕಾಣಿಕೆಯಾಗಿ ಕೊಟ್ಟರು. ಮೊಮ್ಮಕ್ಕಳು 2001ರಲ್ಲಿ ನೋಡಲು ಹೋದಾಗಲೇ ಅದರ ಈ ಕಥೆ ಅಲ್ಲಿಯವರಿಗೆ ತಿಳಿದುದು.

ಅಂಥ ಮರವನ್ನು ಒಬ್ಬರ ಆಯುಷ್ಯದಲ್ಲಿ ಬೆಳೆಸಲಾಗದು. ಇನ್ನೊಬ್ಬರ ಕೈಗೆ ಒಪ್ಪಿಸಲೇಬೇಕು. ಮಂಡ್ಯದ ಆ ಮನೆಯ ಮಹಡಿಯ ಮೇಲೆ ಈಗ ಕತ್ತರಿ ಮೊಮ್ಮಗಳ ಕೈಯಲ್ಲಿದೆ. ಯಾವ ಕೊಂಬೆ ಉಳಿಯಬೇಕೆಂದು ತಾತ ಬೆರಳಿಟ್ಟು ತೋರಿಸುತ್ತಾರೆ. ಒಮ್ಮೊಮ್ಮೆ ಅವಳು ಒಪ್ಪುವುದಿಲ್ಲ. ಆಗ ಆ ಕೊಂಬೆಯನ್ನು ಮುಂದಿನ ವರ್ಷದವರೆಗೆ ಹಾಗೆಯೇ ಬಿಡುತ್ತಾರೆ.