ಒಂದೇ ತಂಡದ ಇಬ್ಬರು

ಪದವಿಯ ಎರಡನೇ ವರ್ಷದಲ್ಲಿ ನಾನೂ ನನ್ನ ರೂಮ್‌ಮೇಟೂ ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಹೋಗಿದ್ದೆವು. ನಾನು ಪರ, ಅವನು ವಿರೋಧ. ಇಬ್ಬರ ಅಂಕ ಕೂಡಿಸಿ ಕಾಲೇಜಿಗೆ ಪರ್ಯಾಯ ಫಲಕ. ವೈಯಕ್ತಿಕ ಮೊದಲ ಬಹುಮಾನ ಮಾತ್ರ ಒಬ್ಬರಿಗೇ. ಹೊರಡುವಾಗ ಮೇಷ್ಟ್ರು ಹೇಳಿದ್ದು ಇಷ್ಟೇ: "ಶೀಲ್ಡ್ ತನ್ರಪ್ಪಾ."

ಹದಿನೈದು ದಿನ ಹಾಸ್ಟೆಲ್ ರೂಮಿನಲ್ಲಿ ಒಬ್ಬರ ಮುಂದೊಬ್ಬರು ಅಭ್ಯಾಸ ಮಾಡಿದ್ದೆವು. ಅವನ ವಾದದ ಜೀವ ಯಾವ ಮಾತಿನಲ್ಲಿದೆ ಎಂದು ನನಗೆ ಗೊತ್ತಿತ್ತು. ವೇದಿಕೆಯಲ್ಲಿ ನನ್ನ ಸರದಿ ಮೊದಲು ಬಂತು. "ಮುಂದೆ ಬರುವವರು ಹೀಗನ್ನಬಹುದು" ಎಂದು ಶುರುಮಾಡಿ, ಆ ಮಾತನ್ನು ನಾನೇ ಹೇಳಿ ನಾನೇ ಕತ್ತರಿಸಿ ಹಾಕಿದೆ. ಅವನು ಮೈಕಿನ ಮುಂದೆ ತಡವರಿಸಿದ. ನನಗೆ ಮೊದಲ ಬಹುಮಾನ ಬಂತು. ಹೇಗೋ ಶೀಲ್ಡೂ ಬಂತು. ವಾಪಸ್ ಬರುವಾಗ ಅವನು ಬಸ್ಸಿನಲ್ಲಿ ಬೇರೆ ಸೀಟು ಹಿಡಿದ.

ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಬಹಳ ವರ್ಷ ಇದೇ ನನ್ನ ಸಮಾಧಾನವಾಗಿತ್ತು. ಫಾರ್ಮುಲಾ ಒನ್ ರೇಸ್ ನೋಡುವ ಚಟ ಹತ್ತಿದ ಮೇಲೆ ಆ ಸಮಾಧಾನ ಸಡಿಲವಾಗತೊಡಗಿತು.

ಅಲ್ಲಿಯೂ ಲೆಕ್ಕ ಇದೇ. ತಂಡಕ್ಕೆ ಎರಡು ಕಾರು. ಇಬ್ಬರ ಅಂಕವೂ ತಂಡದ ಖಾತೆಗೆ. ಚಾಂಪಿಯನ್ ಆಗುವವನು ಮಾತ್ರ ಒಬ್ಬನೇ. ಬೇರೆಯವರಿಗೆ ಸೋತರೆ ಕಾರು ಸರಿಯಿರಲಿಲ್ಲ ಎನ್ನಬಹುದು. ಅದೇ ಕಾರು ಓಡಿಸುವ ಜೊತೆಗಾರನಿಗೆ ಸೋತರೆ ನೆಪವಿಲ್ಲ. ಹಾಗಾಗಿ ಮೊದಲ ಎದುರಾಳಿ ಪಕ್ಕದಲ್ಲೇ ಇರುತ್ತಾನೆ.

1982ರ ಏಪ್ರಿಲ್ 25ರಂದು ಇಟಲಿಯ ಇಮೊಲಾದಲ್ಲಿ ಫೆರಾರಿ ತಂಡದ ಜಿಲ್ ವಿಲ್ನೆವ್ ಮತ್ತು ದಿದಿಯೆ ಪಿರೋನಿ ಮೊದಲೆರಡು ಸ್ಥಾನಗಳಲ್ಲಿದ್ದರು. ಪೈಪೋಟಿ ಕೊಟ್ಟ ರೆನೋ ಕಾರುಗಳೆರಡೂ ಕೆಟ್ಟು ನಿಂತಿದ್ದವು. ಆಗ ಫೆರಾರಿಯವರು ಟ್ರ್ಯಾಕಿನ ಪಕ್ಕ ಒಂದು ಫಲಕ ತೋರಿಸಿದರು: "ಸ್ಲೋ". ಮುಂದಿದ್ದ ವಿಲ್ನೆವ್ ಅದನ್ನು "ಇದ್ದ ಹಾಗೇ ಇರಿ" ಎಂದು ಓದಿದ. ಅವನು ಹಾಗೆ ಓದಲು ಕಾರಣವಿತ್ತು: 1979ರಲ್ಲಿ ಮೊಂಜಾದಲ್ಲಿ ತಂಡದ ಮಾತಿಗೆ ಕಟ್ಟುಬಿದ್ದು ಶೆಕ್ಟರ್ ಹಿಂದೆಯೇ ಉಳಿದು, ಅವನು ಚಾಂಪಿಯನ್ ಆಗುವುದನ್ನು ಕಣ್ಣಾರೆ ನೋಡಿದವನು ಅವನು. ಪಿರೋನಿ ಅದನ್ನು "ಕಾರು ಜೋಪಾನ" ಎಂದಷ್ಟೇ ಓದಿದ. ಮುಂದೆ ಹೋಗುವುದು, ಹಿಂದೆ ಬೀಳುವುದು ನಡೆದೇ ಇತ್ತು. ಜನರ ಖುಷಿಗೆ ನಡೆದ ಆಟ ಎಂದೇ ವಿಲ್ನೆವ್ ಭಾವಿಸಿದ್ದ. ಕೊನೆಯ ಸುತ್ತಿನಲ್ಲಿ, ಟೋಸಾ ತಿರುವಿನಲ್ಲಿ, ಪಿರೋನಿ ಮುನ್ನುಗ್ಗಿ ಗೆದ್ದ. ಅವನೊಂದಿಗೆ ಇನ್ನು ಮಾತಿಲ್ಲ ಎಂದು ವಿಲ್ನೆವ್ ಶಪಥ ಮಾಡಿದ.

ಹದಿಮೂರನೆಯ ದಿನ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಅರ್ಹತಾ ಸುತ್ತು. ಪಿರೋನಿಯ ಸಮಯ ವಿಲ್ನೆವ್‌ನದಕ್ಕಿಂತ ಕೂದಲೆಳೆಯಷ್ಟು ಉತ್ತಮವಾಗಿತ್ತು. ಮತ್ತೆ ಟ್ರ್ಯಾಕಿಗಿಳಿದ ವಿಲ್ನೆವ್‌ನ ಕಾರು ನಿಧಾನವಾಗಿ ಹೋಗುತ್ತಿದ್ದ ಇನ್ನೊಂದು ಕಾರಿಗೆ ಬಡಿದು, ಅವನು ತೀರಿಕೊಂಡ. ಮೂವತ್ತೆರಡು ವಯಸ್ಸು. ಆಗಸ್ಟಿನಲ್ಲಿ, ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದ ಪಿರೋನಿಯ ಕಾಲುಗಳು ಹಾಕನ್‌ಹೈಮ್‌ನ ಅಪಘಾತದಲ್ಲಿ ನುಜ್ಜುಗುಜ್ಜಾದವು. 1987ರಲ್ಲಿ ದೋಣಿ ರೇಸಿನಲ್ಲಿ ಅವನೂ ಸತ್ತ. ಕೆಲವು ತಿಂಗಳ ಬಳಿಕ ಅವನ ಸಂಗಾತಿ ಅವಳಿ ಗಂಡುಮಕ್ಕಳನ್ನು ಹೆತ್ತಳು. ಒಬ್ಬನಿಗೆ ದಿದಿಯೆ, ಇನ್ನೊಬ್ಬನಿಗೆ ಜಿಲ್ ಎಂದು ಹೆಸರಿಟ್ಟಳು.

ಇಮೊಲಾದಲ್ಲಿ ತಪ್ಪು ಯಾರದೆಂದು ಇವತ್ತಿಗೂ ವಾದ ನಡೆಯುತ್ತದೆ. ನನಗೆ ಕಾಣುವುದು ಆ ಫಲಕ. ಯಾರು ಮುಂದೆ, ಯಾರು ಹಿಂದೆ ಎಂದು ಬಾಯಿಬಿಟ್ಟು ಹೇಳುವುದು ಕಷ್ಟ. ಆದ್ದರಿಂದ ತಂಡದವರು ಒಂದು ಪದದಲ್ಲಿ ಮುಗಿಸುತ್ತಾರೆ. ಉಳಿದದ್ದನ್ನು ಇಬ್ಬರ ನಂಬಿಕೆ ತುಂಬಿಕೊಳ್ಳಬೇಕು. ನಮ್ಮ ಮೇಷ್ಟ್ರು ಹೇಳದೆ ಬಿಟ್ಟಿದ್ದನ್ನು ನಾನು ನನಗೆ ಬೇಕಾದಂತೆ ತುಂಬಿಕೊಂಡಿದ್ದೆ.

ಹೋದ ವರ್ಷ ಗೆಳೆಯನೊಬ್ಬನ ಗೃಹಪ್ರವೇಶದಲ್ಲಿ ಊಟಕ್ಕೆ ಅವನ ಪಕ್ಕದಲ್ಲೇ ಜಾಗ ಸಿಕ್ಕಿತು. "ಆ ಶೀಲ್ಡ್ ಎಲ್ಲಿದೆಯೋ ಈಗ?" ಅಂದ.

"ಮರುವರ್ಷವೇ ಬೇರೆ ಕಾಲೇಜಿನವರು ಒಯ್ದರಂತೆ" ಅಂದೆ. ಅವನು ನಕ್ಕ. ನಾನು ನಗಲಿಲ್ಲ. "ಅವತ್ತು ನಾನು ಹೇಳಿದ್ದು ನಿನ್ನ ಮಾತು ಕಣೋ" ಅಂದೆ. ಅಷ್ಟು ಹೇಳಲು ಹತ್ತೊಂಬತ್ತು ವರ್ಷ ಹಿಡಿದಿತ್ತು.